ನನ್ನ ಮೂರು ಪುಟದ ಪೀಠಿಕೆ

ಬೇರೆಯವರು ಬರೆದದ್ದು ಕೈಗೆ ಸಿಕ್ಕರೆ ಅದಕ್ಕೆ ನಾಲ್ಕು ಮಾತು ಸೇರಿಸದೆ ವಾಪಸು ಕೊಡುವುದು ನನ್ನಿಂದಾಗದು. ಇದು ರೋಗವೆಂದು ಗೊತ್ತಿದ್ದರೂ ಮದ್ದು ಮಾಡಿಸಿಕೊಂಡಿಲ್ಲ, ಏಕೆಂದರೆ ನಮ್ಮ ಮನೆತನದಲ್ಲಿ ಇದನ್ನು ವಿದ್ವತ್ತು ಎನ್ನುತ್ತಾರೆ. ನಮ್ಮಜ್ಜ ಸವದತ್ತಿಯಲ್ಲಿ ಪೌರೋಹಿತ್ಯ ಮಾಡಿಕೊಂಡಿದ್ದವರು. ಯಾರಾದರೂ ಲಗ್ನಪತ್ರಿಕೆ ಕೊಟ್ಟು ಊಟಕ್ಕೆ ಕರೆದರೆ, ಅಲ್ಲೇ ಕುಳಿತು ಅದಕ್ಕೊಂದು ಶ್ಲೋಕ ಸೇರಿಸಿ ತಿರುಗಿ ಕೊಡುತ್ತಿದ್ದರು. ಅಚ್ಚಾಗಿ ಹಂಚಿ ಮುಗಿಯುತ್ತ ಬಂದ ಪತ್ರಿಕೆಗೆ ಶ್ಲೋಕ ಎಲ್ಲಿ ಹಾಕಬೇಕೆಂದು ತಿಳಿಯದೆ ಬಂದವರು ನಮಸ್ಕಾರ ಮಾಡಿ ಹೋಗುತ್ತಿದ್ದರು. ಅಜ್ಜನ ಈ ಗುಣ ಅಪ್ಪನನ್ನು ಬಿಟ್ಟು ನೇರವಾಗಿ ನನಗೆ ಬಂದಿದೆ. ಅಪ್ಪ ಅಂಚೆ ಇಲಾಖೆಯಲ್ಲಿದ್ದರು; ಬೇರೆಯವರ ಕಾಗದ ಒಡೆಯುವಂತಿರಲಿಲ್ಲ.

ನಾನು ಬೈಲಹೊಂಗಲದ ಕಾಲೇಜೊಂದರಲ್ಲಿ ಎಂ.ಎ. ಮಕ್ಕಳಿಗೆ ಅರ್ಥಶಾಸ್ತ್ರ ಕಲಿಸುತ್ತೇನೆ. ಅವರ ಸಂಶೋಧನ ಲೇಖನಗಳನ್ನು ಪತ್ರಿಕೆಗಳಿಗೆ ಕಳಿಸಿ ಅಚ್ಚು ಹಾಕಿಸುವ ಕೆಲಸವೂ ನನ್ನ ಪಾಲಿಗೇ ಬಂದಿದೆ. ಈಚೆಗೆ ಎಲ್ಲರ ವಿಷಯವೂ ಸುಸ್ಥಿರ ಅಭಿವೃದ್ಧಿ. ಇದಕ್ಕೆಂದೇ ನನ್ನ ಹತ್ತಿರ ಮೂರು ಪುಟದ ಪೀಠಿಕೆಯೊಂದಿದೆ. ‘ಇಂದಿನ ಜಾಗತಿಕ ಯುಗದಲ್ಲಿ ಮಾನವಕುಲವು’ ಎಂದು ಹೊರಟು ಭೂಮಿ, ನೀರು, ಗಾಳಿ, ಮುಂದಿನ ಪೀಳಿಗೆ ಎಲ್ಲರನ್ನೂ ಮಾತಾಡಿಸಿ ಬರುತ್ತದೆ. ರಾಮದುರ್ಗದ ಮಗ್ಗಗಳ ಲೇಖನಕ್ಕೆ ಅದನ್ನೇ ಹಚ್ಚಿದ್ದೆ, ಕಿತ್ತೂರಿನ ಕೆರೆಗಳಿಗೂ ಅದನ್ನೇ. ಬಾಡಿಗೆಯ ಶಾಮಿಯಾನದ ಹಾಗೆ ಮದುವೆಗೂ ನಡೆಯುತ್ತದೆ, ಮುಂಜಿಗೂ ನಡೆಯುತ್ತದೆ. ಪೀಠಿಕೆ ಹಚ್ಚಿದ ಮೇಲೆ ಮಾರ್ಗದರ್ಶಕನೆಂದು ನನ್ನ ಹೆಸರು ಮೊದಲು, ವಿದ್ಯಾರ್ಥಿಯ ಹೆಸರು ಆಮೇಲೆ. ಇದು ಪದ್ಧತಿ. ನನ್ನ ಗುರುಗಳೂ ಹೀಗೆಯೇ ಮಾಡಿದ್ದರು. ಆಗ ನನಗೆ ವಿಪರೀತ ಸಿಟ್ಟು ಬಂದಿತ್ತು ಎಂಬುದು ಬೇರೆ ಮಾತು.

ಹೋದ ವರ್ಷ ನೇಸರಗಿಯ ಶಾಹೀನ ಎಂಬ ಹುಡುಗಿ ತನ್ನ ಲೇಖನ ತಂದಳು. ಅವಳ ತಂದೆ ಟೆಂಪೊ ಓಡಿಸುತ್ತಾರೆ. ಅವಳಿಗೆ ಪಿಎಚ್.ಡಿ. ಸಂದರ್ಶನಕ್ಕೆ ಕರೆ ಬಂದಿತ್ತು. ಲೇಖನವೊಂದು ಪ್ರಕಟಣೆಗೆ ಒಪ್ಪಿಗೆಯಾಗಿದೆ ಎಂಬ ಪತ್ರವನ್ನು ಅಲ್ಲಿ ತೋರಿಸಬೇಕಿತ್ತು. ಇಲ್ಲದಿದ್ದರೆ ಆ ಸಲದ ಸೀಟು ಹೋದ ಹಾಗೆಯೇ. ಲೇಖನ ಹೀಗೆ ಶುರುವಾಗಿತ್ತು: ‘ನಮ್ಮ ಮನೆಯಲ್ಲಿ ಹದಿನಾಲ್ಕು ಸ್ಟೀಲ್ ತಾಟುಗಳಿವೆ. ಅವುಗಳಲ್ಲಿ ಐದರ ಮೇಲೆ ನಮ್ಮ ಹೆಸರಿಲ್ಲ.’

ತಾಟು, ತಂಬಿಗೆ ಕೊಂಡ ದಿನವೇ ಅಂಗಡಿಯಲ್ಲಿ ಹೆಸರು ಕೊರೆಸುವುದು ನಮ್ಮಲ್ಲಿ ರೂಢಿ. ಯಾರ ಮನೆಯಲ್ಲಾದರೂ ಕಾರ್ಯವಿದ್ದರೆ ಓಣಿಯವರೆಲ್ಲ, ಒಮ್ಮೊಮ್ಮೆ ಬೇರೆ ಊರಿನ ನೆಂಟರೂ, ತಾಟು ಕೊಡುತ್ತಾರೆ. ತಿರುಗಿ ಹೋಗುವಾಗ ಅದಲುಬದಲಾಗುತ್ತವೆ. ಶಾಹೀನ ಮನೆಮನೆಗೆ ಹೋಗಿ, ಯಾರ ಹೆಸರಿನ ತಾಟು ಯಾರ ಅಡಿಗೆಮನೆಯಲ್ಲಿದೆ ಎಂದು ಬರೆದುಕೊಂಡು ಬಂದಿದ್ದಳು. ಸಂಗೊಳ್ಳಿಯ ಬಸವ್ವನ ತಾಟಿನಲ್ಲಿ ನೇಸರಗಿಯ ಖಾದರಸಾಬರು ಉಣ್ಣುತ್ತಿದ್ದರು. ಹೀಗೆ ತಾಟುಗಳು ತಿರುಗಾಡುವ ಓಣಿಯಲ್ಲಿ ಉಂಡು ಎಸೆಯುವ ತಾಟು ಏಕೆ ಬೇಕಾಗಲಿಲ್ಲ, ಮುಂದೆ ಯಾವಾಗ ಬೇಕಾಯಿತು ಎಂಬುದು ಅವಳ ಸಂಶೋಧನೆ.

“ನೋಡವಾ, ಸಂಶೋಧನಾ ತಾಟಿನಿಂದ ಶುರು ಆಗೂದಿಲ್ಲ, ಜಗತ್ತಿನಿಂದ ಶುರು ಆಗ್ತದ” ಎಂದೆ.

“ಆತ್ರಿ ಸರ್” ಎಂದಳು. ನಾನು ಜಗತ್ತನ್ನು ಮುಂದೆ ಹಚ್ಚಿ, ನನ್ನ ಹೆಸರನ್ನು ಮೇಲೆ ಹಾಕಿ ಕಳಿಸಿದೆ.

ಹದಿನೈದು ದಿನಕ್ಕೆ ಲೇಖನ ವಾಪಸು ಬಂತು. ನಕಲು ಹಿಡಿಯುವ ಕಂಪ್ಯೂಟರಿಗೆ ಅದನ್ನು ಹಾಕಿದ್ದರಂತೆ. ಬೇರೆ ಕಡೆಯಿಂದ ಎತ್ತಿದ ಭಾಗ ಮಿತಿಮೀರಿದೆ, ನಾಲ್ಕು ದಿನದೊಳಗೆ ಸರಿಪಡಿಸದಿದ್ದರೆ ಕೈಬಿಡುತ್ತೇವೆ ಎಂದು ಬರೆದಿದ್ದರು. ನಾನು ಶಾಹೀನಳನ್ನು ಕರೆಸಿ ಪ್ರಾಮಾಣಿಕತೆಯ ಮೇಲೆ ಅರ್ಧ ಗಂಟೆ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಅವಳು ತಲೆ ತಗ್ಗಿಸಿ ಎಲ್ಲ ಕೇಳಿ, ಮುಗಿದ ಮೇಲೆ ಪತ್ರಿಕೆಯವರ ವರದಿಯನ್ನು ನನ್ನ ಕಡೆ ಸರಿಸಿದಳು.

“ಸರ್, ಕೆಂಪು ಗೆರಿ ಎಲ್ಲಾ ಮೊದಲಿನ ಮೂರು ಹಾಳ್ಯಾಗ ಐತ್ರಿ. ತಾಟಿನ ಮಾತು ಬಂದಮ್ಯಾಲೆ ಒಂದೂ ಇಲ್ರಿ.”

ನೋಡಿದೆ. ಹೌದು. ಎಲ್ಲಿಂದ ಎತ್ತಿದ್ದು ಎಂಬ ಪಟ್ಟಿಯೂ ಇತ್ತು: ರಾಮದುರ್ಗದ ಮಗ್ಗಗಳು, ಕಿತ್ತೂರಿನ ಕೆರೆಗಳು, ಎಲ್ಲ ನನ್ನ ಹಳೆಯ ವಿದ್ಯಾರ್ಥಿಗಳ ಲೇಖನಗಳೇ. ಕಂಪ್ಯೂಟರಿನ ಪ್ರಕಾರ ನಾನು ನನ್ನ ಶಿಷ್ಯರಿಂದ ಕದ್ದಿದ್ದೆ. ಪಾಪ, ಅದಕ್ಕೆ ಪೂರ್ತಿ ಗೊತ್ತಿರಲಿಲ್ಲ. ಆ ಮೂರರಲ್ಲಿ ಎರಡು ಪುಟ ನನ್ನ ಗುರುಗಳು ಬರೆಸಿದ ನೋಟ್ಸು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

“ತಪ್ಪು ತಿಳ್ಕೊಬ್ಯಾಡ್ರಿ ಸರ್. ಆ ಮೂರು ಹಾಳಿ ತಗದ್ರ ನಡೀತೈತೇನ್ರಿ?”

“ವಿಚಾರ ಮಾಡೋಣು” ಎಂದೆ. ಆಗುವುದಿಲ್ಲ ಎಂದು ಹೇಳಲು ಧೈರ್ಯವಿಲ್ಲದವರು ಹೇಳುವ ಮಾತದು.

ಮನೆಗೆ ಬಂದು ಲೇಖನವನ್ನು ಹೆಂಡತಿಯ ಕೈಗೆ ಕೊಟ್ಟೆ. ಅವಳು ಮೊದಲ ಹಾಳೆಗಳನ್ನು ಸರಸರ ತಿರುವಿ, ಒಂದು ಕಡೆ ನಿಂತು ಓದತೊಡಗಿದಳು. ಮುಗಿಸಿ, “ಭಾಳ ಛಲೋ ಬರದಾಳ. ಮೊದಲಿನ ಮೂರು ಹಾಳಿ ಏನ್ರಿ, ಜಾಹೀರಾತೇನು?” ಎಂದು ಕೇಳಿದಳು. ಕೇಳಿದವಳೇ ಅಡಿಗೆಮನೆಗೆ ಹೋಗಿ ತಾಟುಗಳನ್ನೆಲ್ಲ ಇಳಿಸಿ, ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. “ಅಯ್ಯ, ಇದರ ಮ್ಯಾಲ ಉಗರಗೋಳದ ಗಂಗಾ ಕಾಕೂನ ಹೆಸರದ. ಇಷ್ಟು ವರ್ಷ ನೀವು ಇದರಾಗ ಊಟಾ ಮಾಡೀರಿ ನೋಡ್ರಿ.” ನನ್ನ ಪೀಠಿಕೆಯನ್ನು ಓದಿ ಯಾರೂ ಎದ್ದು ಹೋಗಿ ಏನನ್ನೂ ನೋಡಿದ್ದು ನನಗೆ ನೆನಪಿಲ್ಲ.

ಮರುದಿನ ಮೂರೂ ಪುಟ ತೆಗೆದೆವು. ಪತ್ರಿಕೆಯವರು ಒಂದು ಫಾರಂ ಕೂಡ ಕಳಿಸಿದ್ದರು. ಯಾವ ಲೇಖಕರು ಏನು ಕೆಲಸ ಮಾಡಿದ್ದಾರೆಂದು ಒಂದೊಂದು ಸಾಲಿನಲ್ಲಿ ತುಂಬಬೇಕು. ಶಾಹೀನಳ ಹೆಸರಿನ ಮುಂದೆ ಜಾಗ ಸಾಲದಾಯಿತು. ಮನೆಗಳಿಗೆ ಹೋದದ್ದು, ಮಾತಾಡಿಸಿದ್ದು, ಪಟ್ಟಿ ಮಾಡಿದ್ದು, ಬರೆದದ್ದು. ನನ್ನ ಹೆಸರಿನ ಮುಂದೆ ಪೆನ್ನು ನಿಂತುಬಿಟ್ಟಿತು.

“ತಿದ್ದಿದ್ದು ಅಂತ ಬರೀರಿ ಸರ್” ಎಂದಳು. ಒಳ್ಳೆಯ ಹುಡುಗಿ. ಆದರೆ ನಾನು ತಿದ್ದಿ ಸೇರಿಸಿದ್ದನ್ನು ಈಗಷ್ಟೇ ಇಬ್ಬರೂ ಕೂಡಿ ತೆಗೆದಿದ್ದೆವು. ನನ್ನ ಹೆಸರನ್ನು ಹೊಡೆದು ಹಾಕಿದೆ. ದೊಡ್ಡ ಮನಸ್ಸು ಮಾಡಿ ಹೊಡೆದೆ ಎಂದು ಹೇಳಿಕೊಳ್ಳುವ ಆಸೆಯಿದೆ. ಬರೆಯಲು ಏನೂ ಹೊಳೆಯಲಿಲ್ಲ ಎಂಬುದು ನಿಜ.

ಒಪ್ಪಿಗೆ ಪತ್ರ ಸಂದರ್ಶನಕ್ಕೆ ಎರಡು ದಿನ ಮುಂಚೆ ಬಂತು. ಸೀಟೂ ಸಿಕ್ಕಿತು. ಮೊನ್ನೆ ಶಾಹೀನ ಅಚ್ಚಾದ ಪ್ರತಿಯನ್ನೂ ಒಂದು ಡಬ್ಬಿ ಕರದಂಟನ್ನೂ ತಂದುಕೊಟ್ಟಳು. ಕರದಂಟು ಬಾಯಿಗಿಟ್ಟುಕೊಂಡು ಲೇಖನದ ಕೊನೆಯ ಕೃತಜ್ಞತೆಗಳನ್ನು ಓದಿದೆ. ತಾಟು ತೋರಿಸಿದ ಹೆಣ್ಣುಮಕ್ಕಳು, ಬೈಲಹೊಂಗಲದ ಪೇಟೆಯಲ್ಲಿ ಹೆಸರು ಕೊರೆಯುವವರು, ಅವಳ ಅಜ್ಜಿ, ಎಲ್ಲರೂ ಆದ ಮೇಲೆ ‘ಪೀಠಿಕೆಯನ್ನು ತೆಗೆದುಕೊಟ್ಟ ನಮ್ಮ ಸರ್’ ಎಂದಿತ್ತು. ನನ್ನ ಹೆಸರು ಮೊದಲಿಗಿರುವ ಲೇಖನಗಳು ನಮ್ಮ ಮನೆಯಲ್ಲಿ ಒಂದು ಕಪಾಟು ತುಂಬ ಇವೆ. ನಾನೇ ಮಾಡಿದ ಕೆಲಸವೊಂದು ದಾಖಲಾಗಿರುವುದು ಇದರಲ್ಲಿ ಮಾತ್ರ.