ಹಳ್ಳ ನೋಡಲು ಬಂದವರು

ಮನೆಗೆ ಯಾರೋ ಬರುತ್ತಾರೆಂದರೆ ಗಂಡಸರಿಗೆ ಚಹಾ ನೆನಪಾಗುತ್ತದೆ, ಹೆಂಗಸರಿಗೆ ಕಸಬರಿಗೆ. ಬುದ್ಧಿ ಬಂದಾಗಿನಿಂದ ನಾನು ಬರುವವರಿಗಾಗಿ ಗುಡಿಸುತ್ತಲೇ ಇದ್ದೇನೆ. ಬಂದವರು ಉಂಡು ಹೋಗುತ್ತಾರೆ, ನೆಲ ಮತ್ತೆ ಹೊಲಸಾಗುತ್ತದೆ, ಸೊಂಟ ಮಾತ್ರ ಮೊದಲಿನಂತಾಗುವುದಿಲ್ಲ. ಯಂಕಂಚಿಯಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದ ದಿನ ನಮ್ಮವ್ವ ಪಡಸಾಲೆಯನ್ನು ಹೇಗೆ ಸಾರಿಸಿದ್ದಳೆಂದರೆ, ಮುಂದೆ ನನ್ನ ಮಾವನಾದವರು ಹಸಿ ಸೆಗಣಿಯ ಮೇಲೆ ಕಾಲಿಟ್ಟವರೇ ಜಾರಿ ಕುಳಿತುಬಿಟ್ಟರು. ಕುಳಿತಲ್ಲಿಂದಲೇ ಹೆಣ್ಣು ಒಪ್ಪಿಗೆ ಎಂದರು. ಒಪ್ಪದೆ ಎದ್ದು ಹೋಗುವ ಸ್ಥಿತಿಯಲ್ಲಿ ಅವರಿರಲಿಲ್ಲ. ನನ್ನ ಲಗ್ನದಲ್ಲಿ ಜಾತಕಕ್ಕಿಂತ ಸೆಗಣಿಯ ಉಪಕಾರವೇ ಹೆಚ್ಚು.

ಈಗ ನಾವಿರುವುದು ಮುದ್ದೇಬಿಹಾಳದಲ್ಲಿ. ಹಿತ್ತಲ ಗೋಡೆಯ ಆಚೆ ಹಳ್ಳ. ಹಳ್ಳ ಎನ್ನುವುದು ಮರ್ಯಾದೆಯ ಮಾತು. ಓಣಿಯ ಬಚ್ಚಲ ನೀರು, ಖಾನಾವಳಿಯ ಮುಸುರೆ, ಊರವರ ಪ್ಲಾಸ್ಟಿಕ್ ಚೀಲ ಎಲ್ಲ ಅದರಲ್ಲೇ. ಜೋರು ಮಳೆ ಬಂದಾಗ ಮಾತ್ರ ತಾನು ಹಳ್ಳವೆಂದು ಅದಕ್ಕೆ ನೆನಪಾಗುತ್ತದೆ. ಬಿಎಸ್ಸಿ ಕೊನೆಯ ವರ್ಷದಲ್ಲಿರುವ ನನ್ನ ಮೊಮ್ಮಗಳು ಭಾಗ್ಯಶ್ರೀಗೆ ಇದರ ಆರೋಗ್ಯ ನೋಡುವುದೇ ಪ್ರಾಜೆಕ್ಟು. ನನ್ನ ಮೊಣಕಾಲಿನ ಆರೋಗ್ಯವನ್ನು ಈ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ, ಹಳ್ಳಕ್ಕೆ ಆ ಯೋಗ ಬಂತು. ಅವಳು ಜರಡಿ ಹಿಡಿದು ನೀರಿಗಿಳಿದು, ಕಲ್ಲು ತಿರುವಿ ಹುಳ ಹುಡುಕುತ್ತಿದ್ದಳು. ಹುಳಗಳಲ್ಲೂ ಮನೆತನವಿದೆಯಂತೆ. ಕೆಂಪು ಹುಳ ಎಂಥ ಹೊಲಸಿನಲ್ಲೂ ಬಾಳುತ್ತದಂತೆ, ಕೆಲವಕ್ಕೆ ಒಳ್ಳೆಯ ನೀರೇ ಬೇಕಂತೆ. ಯಾವುದು ಸಿಕ್ಕಿತೆಂದು ನೋಡಿ ನೀರಿನ ಗತಿ ಹೇಳಬಹುದಂತೆ. ನಮ್ಮ ಹಳ್ಳದಲ್ಲಿ ಕೆಂಪು ಹುಳ ದಂಡಿಯಾಗಿದ್ದವು. ಅವುಗಳ ನಡುವೆ, ಹುಡುಗರು ಹೆಲಿಕಾಪ್ಟರ್ ಎಂದು ಕರೆಯುತ್ತಾರಲ್ಲ, ತುಸು ಒಳ್ಳೆಯ ನೀರು ಬೇಕೆನ್ನುವ ಆ ಚಿಟ್ಟೆಯ ಮರಿಯೂ ಸಿಕ್ಕಿತು. ಅದನ್ನು ಬಟ್ಟಲಲ್ಲಿ ತಂದು, ಬೇಡವೆಂದರೂ ನನ್ನ ಮೂಗಿನ ಕೆಳಗೆ ಹಿಡಿದು ತೋರಿಸಿದಳು. ಹಳ್ಳಕ್ಕೆ ರೋಗ ಬಂದಿದೆ, ಆದರೆ ಇನ್ನೂ ಸತ್ತಿಲ್ಲ ಎಂದು ಬರೆದುಕೊಟ್ಟಳು.

ಅವರ ಮೇಡಂ ನಂಬಲಿಲ್ಲ. ಆ ಗಟಾರದಲ್ಲಿ ಇಂಥ ಮರಿ ಎಲ್ಲಿಂದ ಬರಬೇಕು, ಮನೆಯಲ್ಲಿ ಕುಳಿತು ಬರೆದಿದ್ದೀಯ, ನಾನೇ ಬಂದು ನೋಡಿದ ಮೇಲೆಯೇ ಒಪ್ಪುವುದು ಎಂದರಂತೆ. ಹುಡುಗಿ ಮನೆಗೆ ಬಂದು ಅತ್ತಳು. ಅಂಕಕ್ಕಾಗಿ ಅತ್ತಿದ್ದರೆ ನಾನು ಸುಮ್ಮನಿರುತ್ತಿದ್ದೆ. ಅವಳು ಅತ್ತದ್ದು ಸುಳ್ಳಿ ಎನಿಸಿಕೊಂಡದ್ದಕ್ಕೆ.

ಕಾಲೇಜಿನ ಮೇಡಂ ನಮ್ಮ ಹಿತ್ತಲಿಗೆ ಬರುತ್ತಾರೆಂದ ಮೇಲೆ ನಾನು ಸುಮ್ಮನೆ ಕೂಡುವುದು ಹೇಗೆ? ಹಿಂದಿನ ದಿನ ಭಾಗ್ಯಶ್ರೀ ಕಾಲೇಜಿಗೆ ಹೋದ ಕೂಡಲೇ ಪಕ್ಕದ ಮನೆಯ ಶಾಂತವ್ವನನ್ನು ಕರೆದೆ.

“ಹಳ್ಳಾ ತೊಳಿಯೋದು ಯಾವ ಊರಾಗ ಐತಿ ಯಕ್ಕಾ?” ಎಂದಳು.

“ನಮ್ಮ ಹುಡುಗಿ ಮಾನದ ಪ್ರಶ್ನಿ ಐತಿ. ಬಾಯಿ ಕಡಿಮಿ ಮಾಡಿ ಸಲಿಕಿ ಹಿಡಿ,” ಎಂದೆ.

ಪ್ಲಾಸ್ಟಿಕ್ ಬಾಚಿದೆವು. ಕಲ್ಲುಗಳನ್ನು ಪಾತ್ರೆಯಂತೆ ನಾರಿನಿಂದ ಉಜ್ಜಿ ಸಾಲಾಗಿ ಇಟ್ಟೆವು. ನೀರಿನ ಟಾಕಿ ತೊಳೆಯಲು ತಂದಿಟ್ಟಿದ್ದ ಬ್ಲೀಚಿಂಗ್ ಪುಡಿಯ ಚೀಲವನ್ನು ಪೂರ್ತಿ ಸುರಿದೆವು. ದಂಡೆಗೆ ರಂಗೋಲಿಯನ್ನೂ ಹಾಕುವವಳಿದ್ದೆ, ಸೊಂಟ ಬೇಡವೆಂದಿತು. ಕತ್ತಲಾಗುವ ಹೊತ್ತಿಗೆ ತಳ ಕಾಣುತ್ತಿತ್ತು. ನನ್ನ ಹಿತ್ತಾಳೆ ಕೊಡವೂ ಅಷ್ಟು ಸ್ವಚ್ಛವಿಲ್ಲ. ಭಾಗ್ಯಶ್ರೀ ಬಂದದ್ದು ಕತ್ತಲಾದ ಮೇಲೆ, ನಾಳೆ ನೋಡಿಯೇ ಹಿಗ್ಗಲಿ ಎಂದು ನಾನೂ ಹೇಳಲಿಲ್ಲ.

ಮರುದಿನ ಮೇಡಂ ಬಂದರು, ಸೀರೆ ಎತ್ತಿ ಸಿಕ್ಕಿಸಿ ತಾವೇ ಇಳಿದರು. ಒಂದು ಕಲ್ಲು ತಿರುವಿದರು, ಇನ್ನೊಂದು ತಿರುವಿದರು. ಜರಡಿಯಲ್ಲಿ ಬರೀ ನೀರು. ಭಾಗ್ಯಶ್ರೀಯ ಮುಖದಲ್ಲಿ ರಕ್ತವಿರಲಿಲ್ಲ. ಇಬ್ಬರೂ ಮಾತಾಡದ್ದನ್ನು ನಾನು ಮೆಚ್ಚುಗೆ ಎಂದೇ ತಿಳಿದೆ.

“ಒಂದ ಹುಳಾ ಸೈತ ಇಲ್ಲ ನೋಡ್ರಿ ಮೇಡಮ್ಮಾರ,” ಎಂದೆ.

ಭಾಗ್ಯಶ್ರೀ ನಿಧಾನಕ್ಕೆ ನನ್ನ ಕಡೆ ತಿರುಗಿದಳು. “ಆಯಿ, ಏನ ಹಾಕೀದಿ ಇದಕ?”

ನಾನು ಚೀಲದ ಗಾತ್ರವನ್ನು ಕೈಯಲ್ಲಿ ತೋರಿಸಿದೆ, ಹೆಮ್ಮೆಯಿಂದಲೇ. ಮೇಡಂ ನನ್ನನ್ನೇ ನೋಡಿ, ಹಾಗಾದರೆ ಮೊದಲು ಹುಳ ಇದ್ದದ್ದು ನಿಜವೇ ಎಂದು ಕೇಳಿದರು. ಬೇಕಾದಷ್ಟಿದ್ದವು, ಚಿಟ್ಟೆಯ ಮರಿಯನ್ನು ನಾನೇ ಕಣ್ಣಾರೆ ಕಂಡಿದ್ದೇನೆ ಎಂದೆ.

“ಅಜ್ಜಿ ಸಾಕ್ಷಿ ಪ್ರಾಜೆಕ್ಟಿಗೆ ನಡಿಯೂದಿಲ್ರಿ,” ಎಂದರು ಮೇಡಂ. ಸಿಟ್ಟಿನವರೇನಲ್ಲ, ಚಹಾ ಕುಡಿದರು. ಮೇಲಿನಿಂದ ನೀರು ಹರಿದು ಬಂದರೆ ಹುಳವೂ ಬರಬಹುದು, ಇನ್ನೊಂದು ಸಲ ಬಂದು ನೋಡುತ್ತೇನೆ, ಅಲ್ಲಿಯವರೆಗೆ ದಯವಿಟ್ಟು ಯಾರೂ ಸ್ವಚ್ಛ ಮಾಡಬೇಡಿ ಎಂದು ಕೈ ಮುಗಿದು ಹೋದರು.

ಅಂದಿನಿಂದ ಹಿತ್ತಲ ಬಾಗಿಲಲ್ಲಿ ಕುಳಿತು ಹಳ್ಳ ಕಾಯುವುದು ನನ್ನ ಪಾಲಿಗೆ ಬಂತು. ಭಾಗ್ಯಶ್ರೀ ನನ್ನೊಡನೆ ಮಾತು ಬಿಟ್ಟಿದ್ದಳು. ಶಾಂತವ್ವನಿಗೆ ತೊಳೆಯುವ ರುಚಿ ಹತ್ತಿತ್ತು, ಫಿನಾಯಿಲ್ ಬಾಟಲಿ ಹಿಡಿದೇ ಬರುತ್ತಿದ್ದಳು. ಬೈದು ಕಳಿಸುತ್ತಿದ್ದೆ. “ಹೊಲಸ ಕಾಯೋ ಮುದುಕಿ ಈ ಜಿಲ್ಲಾದಾಗ ನೀ ಒಬ್ಬಾಕಿನ,” ಎಂದು ಹೇಳಿ ಹೋಗುತ್ತಿದ್ದಳು. ನಡುವೆ ಎರಡು ಮಳೆಯಾದವು. ಕೆಂಪು ಹುಳಗಳು ಮರಳಿ ಬಂದವು. ಅಂಥವರು ಎಲ್ಲಿಗಾದರೂ ಬರುತ್ತಾರೆ. ಬೇಕಾದದ್ದರ ಸುಳಿವಿಲ್ಲ. ಯಾರೂ ನೋಡದಾಗ ಕೋಲಿನಿಂದ ನಾನೂ ಕಲ್ಲು ಎಬ್ಬಿಸಿ ನೋಡುತ್ತಿದ್ದೆ.

ಮೇಡಂ ಬರುವ ಹಿಂದಿನ ದಿನ ಭಾಗ್ಯಶ್ರೀ ಬಟ್ಟಲು ಹಿಡಿದು ಓಡಿ ಬಂದಳು. “ಆಯಿ, ಬಂದೈತಿ ನೋಡ,” ಎಂದಳು. ಎಷ್ಟೋ ದಿನದ ಮೇಲೆ ಆಡಿದ ಮಾತು. ಬಟ್ಟಲಲ್ಲಿ ಚಿಟ್ಟೆಯ ಮರಿ, ಕಾಲು ಆಡಿಸುತ್ತಿತ್ತು.

ಜೋಳದ ಹಿಟ್ಟಿನಲ್ಲಿ ಒಂದು ನುಸಿ ಕಂಡರೆ ಸೊಸೆಗೆ ಎರಡು ಹೊತ್ತು ಬೈಯುವವಳು ನಾನು. ಕನ್ನಡಕ ಹಾಕಿಕೊಂಡು ಆ ಹುಳವನ್ನು ಬಗ್ಗಿ ನೋಡಿ, “ಬಾಳ ಬಡಕ ಐತಲ್ಲವ್ವಾ. ನಾಳಿ ತನಕ ಉಳೀಬೇಕು, ತಿನ್ನಾಕ ಏನ ಹಾಕೂಣು?” ಎಂದೆ.

ಅಡುಗೆ ಮನೆಯಲ್ಲಿ ಸೊಸೆ ಬೇಕಂತಲೇ ಕೆಮ್ಮಿದಳು.