ಉಪವಾಸದ ಉಸಿರು

ಹೊಟ್ಟೆ ಗುಡುಗಿದಾಗಲೆಲ್ಲ ನಾನು ಮನಸ್ಸಿನಲ್ಲೇ ಉಯಿಲು ಬರೆಯಲು ಕೂರುವವನು. ವಾಮದಪದವಿನ ಶಾಲೆಯಲ್ಲಿ ಮಕ್ಕಳಿಗೆ ಧೈರ್ಯದ ಪಾಠ ಮಾಡುತ್ತಿರುವಾಗಲೇ ಒಳಗೆ ಒಂದು ಗುಡುಗು. ನನ್ನ ಧ್ವನಿ ಅಲ್ಲಿಗೇ ಇಳಿಯುತ್ತದೆ. ದೊಡ್ಡಪ್ಪ ಹೋದದ್ದು ಹೊಟ್ಟೆಯ ಗಡ್ಡೆಯಿಂದ. ಅವರ ಮೂಗು ನನಗೆ ಬಂದಿದೆ, ಗಡ್ಡೆ ಮಾತ್ರ ಯಾಕೆ ಬರಬಾರದು? ವರ್ಷವಿಡೀ ಇದೇ ಯೋಚನೆ. ಜೊತೆಗೆ ಸಮಾಧಾನಕ್ಕೆಂದು ದಿನಕ್ಕೆ ಆರು ಲೋಟ ಹಾಲು ಹಾಕಿದ ಚಹಾ.

ಕೊನೆಗೆ ಮೂಡುಬಿದಿರೆಯ ಡಾಕ್ಟರರು, "ಬಾಯಿಯಿಂದ ಕೊಳವೆ ಇಳಿಸುವ ಮೊದಲು ಒಮ್ಮೆ ಊದಿ ನೋಡುವ" ಎಂದರು. ಹಾಲಿನ ಸಕ್ಕರೆ ಕರಗಿಸಿದ ನೀರು ಕುಡಿಸಿ, ಅರ್ಧ ಗಂಟೆಗೊಮ್ಮೆ ಯಂತ್ರಕ್ಕೆ ಊದಿಸುತ್ತಾರಂತೆ. ಅದು ಜೀರ್ಣವಾಗದೆ ಕರುಳಿನಲ್ಲಿ ಹುಳಿತರೆ ಜಲಜನಕ ಹುಟ್ಟಿ ಉಸಿರಿನಲ್ಲಿ ಹೊರಬರುತ್ತದೆ. ಹಾಗೆ ಬಂದರೆ ತಪ್ಪು ಹಾಲಿನದು, ಕೊಳವೆ ಬೇಡ. ಬಾರದಿದ್ದರೆ ಕೊಳವೆಯೇ ಗತಿ. ಯಂತ್ರ ಮಂಗಳೂರಿನಿಂದ ಬರುವುದು ತಿಂಗಳಿಗೊಮ್ಮೆ. "ಉಪವಾಸ ಬನ್ನಿ" ಎಂದರು.

ಉಪವಾಸದಲ್ಲಿ ನಾನು ಪಳಗಿದವನು. ಮೂವತ್ತು ವರ್ಷದಿಂದ ಒಂದು ಏಕಾದಶಿಯೂ ತಪ್ಪಿಲ್ಲ. ಅನ್ನ ಮುಟ್ಟದೆ, ನಮ್ಮ ಮನೆಯ ಕ್ರಮದಂತೆ ಒಂದು ತಟ್ಟೆ ಉಪ್ಪಿಟ್ಟು, ಎರಡು ಬಾಳೆಹಣ್ಣು ಮಾತ್ರ ತೆಗೆದುಕೊಂಡು, ಪಕ್ಕದ ಜವಳಿ ಅಂಗಡಿಯ ಅಬ್ಬಾಸರ ಜೀಪಿನಲ್ಲಿ ಹೊರಟೆ.

ಮೊದಲ ಸಲ ಊದಿದ ಕೂಡಲೇ ಯಂತ್ರದ ಹುಡುಗಿ ಹುಬ್ಬೇರಿಸಿದಳು. "ನೀರು ಕುಡಿಯುವ ಮೊದಲೇ ಅಂಕೆ ಇಷ್ಟು ಮೇಲೆ ಉಂಟಲ್ಲ. ಏನು ತಿಂದಿರಿ ಸರ್?"

"ಏನಿಲ್ಲ, ಉಪವಾಸ. ಬರೀ ಉಪ್ಪಿಟ್ಟು."

ಅವಳು ಪುಸ್ತಕ ಮುಚ್ಚಿದಳು. "ಬರುವ ತಿಂಗಳು ಬನ್ನಿ."

ಹೊರಗೆ ಅಬ್ಬಾಸರು ಸ್ಟೇರಿಂಗ್ ಹಿಡಿದು ನಕ್ಕದ್ದೇ ನಕ್ಕದ್ದು. "ಮಾಸ್ಟ್ರೆ, ಹೀಗಾದರೆ ನಾನೂ ವರ್ಷವಿಡೀ ಉಪವಾಸ ಮಾಡ್ತೇನೆ ಮಾರಾಯ್ರೆ. ಬಾಳೆಹಣ್ಣು ಎರಡು ಸಾಕಾ, ಮೂರು ಬೇಕಾ?"

ಆ ಒಂದು ತಿಂಗಳಲ್ಲಿ ನಾನು ಹತ್ತು ಸಲವಾದರೂ ಸತ್ತಿರಬೇಕು. ಮರುತಿಂಗಳು ರಂಜಾನ್ ಬಂತು. "ಈ ಸಲ ನನ್ನ ಜೊತೆ ಬನ್ನಿ, ಉಪವಾಸ ಹೇಗೆಂದು ತೋರಿಸ್ತೇನೆ" ಎಂದು ಅಬ್ಬಾಸರೇ ಕರೆದೊಯ್ದರು. ದಾರಿಯಲ್ಲಿ ಇಬ್ಬರ ಹೊಟ್ಟೆಗಳೂ ಮಾತಾಡಿಕೊಂಡವು. ಈ ಸಲ ಮೊದಲ ಅಂಕೆ ತಳದಲ್ಲಿತ್ತು. ನೀರು ಕುಡಿದು ಮೂರನೆಯ ಸಲ ಊದಿದಾಗ ಏರಿತು. ಐದನೆಯದಕ್ಕೆ ಹುಡುಗಿಯೇ ನಕ್ಕಳು. ಹೊಟ್ಟೆಯುಬ್ಬರ ಸಂತೋಷ ಕೊಟ್ಟದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

"ಹಾಲು ಬಿಡಿ, ಕೊಳವೆ ಬೇಡ. ದೊಡ್ಡಪ್ಪನನ್ನೂ ಬಿಡಿ" ಎಂದರು ಡಾಕ್ಟರರು.

ಪರೀಕ್ಷೆ ಮುಗಿದ ಮೇಲೆ ತಿನ್ನಲೆಂದು ಹೆಂಡತಿ ಕಟ್ಟಿಕೊಟ್ಟಿದ್ದ ಎಳ್ಳುಂಡೆ ಜೇಬಿನಲ್ಲಿತ್ತು. ಪಕ್ಕದಲ್ಲಿ ಅಬ್ಬಾಸರು ಬೆಳಗಿನ ಜಾವದಿಂದ ನೀರೂ ಮುಟ್ಟದವರು. ನನಗೂ ಅಭಿಮಾನ ಉಕ್ಕಿತು. "ಸಂಜೆವರೆಗೆ ನಾನೂ ನಿಮ್ಮ ಜೊತೆ ಇರ್ತೇನೆ" ಎಂದೆ.

"ಬೇಡ ಮಾಸ್ಟ್ರೆ. ಹಸಿದರೆ ನೀವು ದಾರಿಯಲ್ಲಿ ಹೊಸ ರೋಗ ಹುಡುಕ್ತೀರಿ."

"ಇಲ್ಲ, ಮಾತು ಎಂದರೆ ಮಾತು."

ಸಿದ್ಧಕಟ್ಟೆಯ ತಿರುವು ಬಂತು. ಜೀಪಿನ ಸದ್ದಿಗೆ ಏನೂ ಕೇಳಿಸದು ಎಂದುಕೊಂಡಿದ್ದೆ. ಅಬ್ಬಾಸರು ರಸ್ತೆಯಿಂದ ಕಣ್ಣು ತೆಗೆಯದೆಯೇ ಹೇಳಿದರು: "ಮಾಸ್ಟ್ರೆ, ಒಮ್ಮೆ ಇತ್ತ ಊದಿ ನೋಡುವ."

ಬಾಯಿ ತುಂಬ ಎಳ್ಳಿತ್ತು. ಕಿಟಕಿಯ ಕಡೆ ತಿರುಗಿ ಗದ್ದೆ ನೋಡುತ್ತ ಕುಳಿತೆ.