ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ

ಬೆಂಕಿಯ ವಿಷಯದಲ್ಲಿ ನನಗೆ ಬುದ್ಧಿ ಹೇಳುವ ಅರ್ಹತೆ ಈ ಭೂಮಂಡಲದಲ್ಲಿ ಯಾರಿಗೂ ಇಲ್ಲವೆಂದೇ ನಾನು ನಂಬಿದ್ದೆ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಬಾಯ್ಲರ್ ಕಾಯುತ್ತಿರುವವನು ನಾನು. ಹತ್ತು ನಿಮಿಷಕ್ಕೊಮ್ಮೆ ಒತ್ತಡದ ಮುಳ್ಳು ನೋಡಿ ಲಾಗ್‌ಬುಕ್ಕಿನಲ್ಲಿ ಬರೆಯದಿದ್ದರೆ ನನಗೆ ತುತ್ತು ಇಳಿಯುವುದಿಲ್ಲ. ಇಂಥ ಅಗ್ನಿತಜ್ಞನನ್ನು ನನ್ನ ಹೆಂಡತಿ ಗ್ಯಾಸ್ ಒಲೆಯ ಹತ್ತಿರ ಸುಳಿಯಲು ಬಿಡುವುದಿಲ್ಲ. (ನಾನು ಹಾಲು ಉಕ್ಕಿಸಿದ್ದು ಮೂರೇ ಸಲ. ಮೂರೂ ಒಂದೇ ವಾರದಲ್ಲಿ ಆದದ್ದು ಬರೀ ಕಾಕತಾಳೀಯ.)

ಆ ಹೊಟ್ಟೆಯುರಿಗೇ ಡಚ್ ಓವನ್ ತಂದೆ. ಹೆಸರು ಕೇಳಿ ಹೆದರಬೇಡಿ; ಎತ್ತಿದರೆ ಸೊಂಟ ಹಿಡಿಯುವ, ಮೂರು ಕಾಲಿನ, ದಪ್ಪ ಕಬ್ಬಿಣದ ಪಾತ್ರೆ, ಅಷ್ಟೇ. ಹಿತ್ತಲಲ್ಲಿ ಇದ್ದಿಲ ಕೆಂಡದ ಮೇಲೆ ಇಟ್ಟು, ಮುಚ್ಚಳದ ಮೇಲೂ ಕೆಂಡ ಜೋಡಿಸಿದರೆ ಒಳಗೆ ಕೇಕು ಬೇಯುತ್ತದೆ. ಕೆಳಗೆ ಎಂಟು, ಮೇಲೆ ಹದಿನಾರು. ಶಾಖ ನಿಯಂತ್ರಣದ ಮಹಾಶಾಸ್ತ್ರವೆಲ್ಲ ಇಷ್ಟರಲ್ಲೇ ಮುಗಿಯಿತು.

ಎರಡು ಭಾನುವಾರ ಕೇಕು ಮಾಡಿದೆ. ಮೊದಲನೆಯದರ ತಳ ಇದ್ದಿಲಾಯಿತು, ಮೇಲಿನ ಹಿಟ್ಟು ಹಿಟ್ಟಾಗಿಯೇ ಉಳಿಯಿತು. ಎರಡನೆಯದು ನಟ್ಟನಡುವೆ ಕುಸಿದು, ಆ ಗುಂಡಿಯಲ್ಲಿ ಬೂದಿ ತುಂಬಿಕೊಂಡಿತು. ಹೆಂಡತಿ ಸೋಮವಾರ ಒಂದು ಗುಲಾಬಿ ಸಸಿ ತಂದು ನನ್ನ ಕಣ್ಣಿಗೆ ಬೀಳುವ ಹಾಗೆ ಇಟ್ಟಳು.

"ಬರೋ ಭಾನುವಾರ ಅಮ್ಮ ಬರ್ತಾರೆ. ಅವತ್ತೂ ಕೆಟ್ಟರೆ ಈ ಗಿಡ ನಿಮ್ಮ ಪಾತ್ರೇಲೇ ನೆಡ್ತೀನಿ" ಎಂದಳು.

ನನಗೆ ನಿಜಕ್ಕೂ ಜೀವ ಹೋದಂತಾಯಿತು. ಆ ಪಾತ್ರೆಯ ಮೇಲೆ ನನಗೆ ಅಷ್ಟು ಪ್ರೀತಿ ಹುಟ್ಟಿಬಿಟ್ಟಿತ್ತು.

ಭಾನುವಾರ ಹನ್ನೊಂದಕ್ಕೆ ಸರಿಯಾಗಿ ಕೆಂಡ ಜೋಡಿಸಿ, ಈ ಪಾತ್ರೆಗೆಂದೇ ತೆರೆದ ಲಾಗ್‌ಬುಕ್ಕಿನಲ್ಲಿ ಬರೆದೆ. ಹನ್ನೊಂದು ಹತ್ತಕ್ಕೆ ತಪಾಸಣೆ. ಪಾತ್ರೆಗೆ ಮುಳ್ಳಿಲ್ಲ, ಮುಚ್ಚಳ ಎತ್ತದೆ ಇನ್ನೇನು ಮಾಡಲಿ? ಎತ್ತಿದೆ. ಬಿಸಿಯೆಲ್ಲ ನನ್ನ ಮುಖಕ್ಕೆ ಬಡಿಯಿತು. ಹೋದ ಶಾಖಕ್ಕೆ ಪರಿಹಾರವಾಗಿ ಇನ್ನೂ ನಾಲ್ಕು ಕೆಂಡ ಮಂಜೂರು ಮಾಡಿದೆ.

"ರೀ, ಮುಚ್ಚಿದ್ರೆ ತಾನೇ ಬೇಯೋದು?"

"ಬಾಯ್ಲರನ್ನ ನೋಡದೆ ಬಿಟ್ರೆ ಏನಾಗುತ್ತೆ ಗೊತ್ತೇನೇ ನಿಂಗೆ?"

"ನೋಡೋಕೆ ಅಂತ ಬಾಯ್ಲರ್ ಬಿಚ್ತೀರಾ ಅಲ್ಲಿ?"

ನಾನು ಕೆಂಡ ಊದುತ್ತಾ ಕುಳಿತೆ. ಹನ್ನೊಂದು ಇಪ್ಪತ್ತಕ್ಕೆ ಮತ್ತೆ ಎತ್ತಿದೆ, ಮತ್ತೆ ನಾಲ್ಕು ಕೆಂಡ ಹಾಕಿದೆ. ಕುರ್ಚಿಯಲ್ಲಿ ಕುಳಿತಿದ್ದ ಅತ್ತೆ, "ಅಳಿಯಂದ್ರೇ, ಅದಕ್ಕೂ ಸ್ವಲ್ಪ ನೆಮ್ಮದಿ ಕೊಡಿ" ಎಂದರು. ಹನ್ನೊಂದು ಮೂವತ್ತಕ್ಕೆ ಇಕ್ಕಳ ಕೈಗೆತ್ತಿಕೊಳ್ಳುವಷ್ಟರಲ್ಲಿ ಹೆಂಡತಿ ಚೀಲ ಹಿಡಿದು ಬಂದಳು. ಉಪ್ಪು ಮುಗಿದಿದೆಯಂತೆ, ಈಗಲೇ ಬೇಕಂತೆ, ಅದೂ ಬಸ್ ನಿಲ್ದಾಣದ ಆಚೆಯ ಅಂಗಡಿಯದೇ ಆಗಬೇಕಂತೆ. ಅಮ್ಮನಿಗೆ ಸಪ್ಪೆ ಊಟ ಬಡಿಸಲೇ ಎಂದು ಕೇಳಿದಾಗ ಚೀಲ ಇಸಿದುಕೊಂಡೆ. ಹತ್ತು ನಿಮಿಷಕ್ಕೊಮ್ಮೆ ತಪಾಸಣೆ ತಪ್ಪಕೂಡದೆಂದು ಅತ್ತೆಗೆ ಅಧಿಕಾರ ಹಸ್ತಾಂತರಿಸಿ ಓಡಿದೆ.

ಏದುಸಿರು ಬಿಡುತ್ತಾ ವಾಪಸಾದಾಗ ಹನ್ನೆರಡೂವರೆ. ಮೇಜಿನ ಮೇಲೆ ಕೇಕು! ಹೊಂಬಣ್ಣ, ಒಂದೇ ಸಮ ಉಬ್ಬಿದೆ. ಅತ್ತೆ ಎರಡನೆಯ ತುಂಡಿನಲ್ಲಿದ್ದರು. ನಾನು ನಿಂತ ನಿಲುವಿನಲ್ಲೇ ಶಾಖ ನಿಯಂತ್ರಣದ ಮೇಲೆ ಕಾಲು ಗಂಟೆ ಭಾಷಣ ಬಿಗಿದೆ. ತಾಯಿ ಮಗಳು ಇಬ್ಬರೂ ತುಟಿ ಪಿಟಕ್ಕೆನ್ನದೆ ಕೇಳಿದರು. (ನನಗೆ ಅನುಮಾನ ಬರಬೇಕಾಗಿದ್ದದ್ದು ಆಗಲೇ.)

ಉಪ್ಪು ಸುರಿಯಲು ಅಡುಗೆಮನೆಗೆ ಹೋದರೆ ಡಬ್ಬಿ ಕಂಠಮಟ್ಟ ತುಂಬಿತ್ತು. ಹಿಂದೆ ಒಡೆಯದ ಪೊಟ್ಟಣ ಎರಡು. ಅಲ್ಲೇ ಪಕ್ಕದಲ್ಲಿ ನನ್ನ ಲಾಗ್‌ಬುಕ್, ಅದರಲ್ಲಿ ಹೆಂಡತಿಯ ಅಕ್ಷರ:

"11.30 – ಶಾಖ ಸೋರಿಕೆಯ ಕಾರಣ ಪತ್ತೆಯಾಗಿದೆ. ಅದನ್ನು ಉಪ್ಪು ತರಲು ಕಳಿಸಲಾಗಿದೆ. ಹೆಚ್ಚುವರಿ ಎಂಟು ಕೆಂಡ ತೆಗೆಯಲಾಗಿದೆ.
11.40 – ಮುಚ್ಚಳ ತೆಗೆದಿಲ್ಲ.
11.50 – ಮುಚ್ಚಳ ತೆಗೆದಿಲ್ಲ.
12.15 – ಬೆಂದಿದೆ."

ಕೆಳಗೆ 'ಪರಿಶೀಲಿಸಿದೆ' ಎಂದು ಅತ್ತೆಯ ಸಹಿ.

ಪಾತ್ರೆಯೇನೋ ಉಳಿಯಿತು. ಈಗ ಪ್ರತಿ ಭಾನುವಾರ ನಮ್ಮಲ್ಲಿ ಕೇಕು. ಕೆಂಡ ಜೋಡಿಸುವವನು ಇವತ್ತಿಗೂ ನಾನೇ. ಹದಿನಾರನೆಯ ಕೆಂಡ ಇಟ್ಟ ಕೂಡಲೇ ಹೆಂಡತಿ ಚೀಲ ಕೈಗೆ ಕೊಡುತ್ತಾಳೆ. ಸದ್ಯಕ್ಕೆ ಮನೆಯಲ್ಲಿ ಒಂಬತ್ತು ಕಿಲೋ ಉಪ್ಪಿದೆ.